ಪುಡಿ ಆಮೇಲೆ, ಮೊದಲು ಬಕೆಟ್ ತೂಗಿ

"ಡಾಕ್ಟ್ರೇ, ಕೀಲುನೋವಿಗೆ ಯಾವ ಪುಡಿ ಹಾಕೋದು?" ನಡಿಗೆ ಕುದುರೆ ಸಾಕಿದವರ ಮೊದಲ ಪ್ರಶ್ನೆ ಇದೇ. ಈಗ ಬಕೆಟ್ಟಿಗೆ ಏನೇನು ಬೀಳುತ್ತಿದೆ ಎಂದು ಕೇಳಿದರೆ ಉತ್ತರವೂ ಹೆಚ್ಚುಕಡಿಮೆ ಒಂದೇ: "ಎಲ್ಲಾ ಒಳ್ಳೇದೇ ಹಾಕ್ತೀವಿ. ಬೂಸಾ, ಓಟ್ಸ್, ಒಣಹುಲ್ಲು." ಎಷ್ಟೆಷ್ಟು? "ಬೂಸಾ ನಾಲ್ಕು ಡಬ್ಬ, ಓಟ್ಸ್ ನಾಲ್ಕು ಡಬ್ಬ." ಡಬ್ಬದ ತೂಕ ಎಷ್ಟು? ಮೌನ.

ಒಂದು ಲೀಟರಿನ ಡಬ್ಬದಲ್ಲಿ ಗೋಧಿ ಬೂಸಾ ಸುಮಾರು 250 ಗ್ರಾಂ ಹಿಡಿಯುತ್ತದೆ, ಓಟ್ಸ್ 450ರಿಂದ 500, ಮೆಕ್ಕೆಜೋಳ 700ರ ಆಸುಪಾಸು. ಡಬ್ಬದ ಲೆಕ್ಕದಲ್ಲಿ ಮೇವು ಹಾಕುವವರಿಗೆ ತಮ್ಮ ಕುದುರೆ ಏನು ತಿನ್ನುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಒಂದು ತಕ್ಕಡಿ ತನ್ನಿ. ಪುಡಿಯ ಮಾತು ಆಮೇಲೆ.

ನಡಿಗೆ ಕುದುರೆ ಎಂದರೆ ಐಸ್‌ಲ್ಯಾಂಡಿಕ್, ಪಾಸೊ ಫಿನೊ, ಟೆನೆಸೀ ವಾಕಿಂಗ್, ರೇವಾಲ್ ಎಂಬ ನಡಿಗೆ ಹಾಕುವ ಮಾರ್ವಾಡಿ ಇಂಥವು. ಬೇರೆ ಕುದುರೆಗಳ ಟ್ರಾಟ್‌ ಎಂಬ ಎರಡು ಪೆಟ್ಟಿನ ಓಟದಲ್ಲಿ ಮೈ ಗಾಳಿಗೆ ಎದ್ದು ನೆಲಕ್ಕೆ ಬೀಳುವ ಕ್ಷಣವೊಂದಿದೆ. ಇವುಗಳ ನಾಲ್ಕು ಪೆಟ್ಟಿನ ನಡಿಗೆಯಲ್ಲಿ ಅದಿಲ್ಲ, ಒಂದಲ್ಲ ಒಂದು ಗೊರಸು ನೆಲದ ಮೇಲೆ ಇದ್ದೇ ಇರುತ್ತದೆ. ಸವಾರನ ಸೊಂಟಕ್ಕೆ ಸುಖ, ನಿಜ. ಆದರೆ ಅದನ್ನೇ ಹಿಡಿದು "ಇವಕ್ಕೆ ಕೀಲುನೋವು ಬರಲ್ಲ" ಎನ್ನುವವರಿದ್ದಾರೆ. ಬರುತ್ತದೆ, ಹಿಂಗಾಲಿನ ನಡುವೆ ಇರುವ ಹಾಕ್ ಕೀಲಿಗಂತೂ ಬರುತ್ತದೆ. ಕಾಣುವುದು ತಡ, ಅಷ್ಟೇ. ಟೆನೆಸೀ ಕುದುರೆ ನಡೆಯುವುದೇ ತಲೆ ತೂಗುತ್ತ; ಕುಂಟಿನಿಂದ ತಲೆ ಆಡುತ್ತಿದ್ದರೆ ಅದರಲ್ಲೇ ಮುಚ್ಚಿಹೋಗುತ್ತದೆ. ಹಾಗಾಗಿ ಕಣ್ಣಿಗಿಂತ ಕಿವಿಯನ್ನು ನಂಬಿ. ಗಟ್ಟಿ ನೆಲದ ಮೇಲೆ ನಡೆಸಿ ಕಣ್ಣು ಮುಚ್ಚಿ ಕೇಳಿ, ಫೋನಿನಲ್ಲಿ ದಾಖಲಿಸಿ. ತ, ಕ, ಧಿ, ಮಿ ಎಂದು ನಾಲ್ಕೂ ಪೆಟ್ಟು ಸಮನಾಗಿ ಕೇಳಬೇಕಾದದ್ದು ತಕ್, ಧಿಮ್ ಎಂದು ಎರಡೆರಡಾಗಿ ಜೋಡಿಯಾಗತೊಡಗಿದರೆ ತರಬೇತುದಾರನನ್ನು ಬೈಯುವ ಮುಂಚೆ ಕಾಲು ತೋರಿಸಿ.

ಈಗ ಬೂಸಾ. ಇದನ್ನು ಎಷ್ಟು ಸಲ ಹೇಳಿದರೂ ಸಾಲದಾಗಿದೆ, ಆದ್ದರಿಂದ ಅಂಕಿ ಇಟ್ಟೇ ಹೇಳುತ್ತೇನೆ. ಒಂದು ಕಿಲೊ ಗೋಧಿ ಬೂಸಾದಲ್ಲಿ ಕ್ಯಾಲ್ಸಿಯಂ ಸುಮಾರು 1.3 ಗ್ರಾಂ, ರಂಜಕ (ಫಾಸ್ಫರಸ್) ಸುಮಾರು 11 ಗ್ರಾಂ. ಕುದುರೆಯ ಒಟ್ಟು ಮೇವಿನಲ್ಲಿ ಇರಬೇಕಾದದ್ದು ಇದರ ಉಲ್ಟಾ: ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ, ಎಂಥ ಸ್ಥಿತಿಯಲ್ಲೂ ಒಂದಕ್ಕಿಂತ ಕಡಿಮೆ ಇಳಿಯಬಾರದು.

400 ಕಿಲೊ ಕುದುರೆಗೆ ದಿನಕ್ಕೆ 2 ಕಿಲೊ ಬೂಸಾ, 2 ಕಿಲೊ ಓಟ್ಸ್, 5 ಕಿಲೊ ಸಾಮಾನ್ಯ ಒಣಹುಲ್ಲು ಹೋಗುತ್ತಿದೆ ಎನ್ನಿ. ಕೂಡಿದರೆ ಕ್ಯಾಲ್ಸಿಯಂ ಸುಮಾರು 23 ಗ್ರಾಂ, ರಂಜಕ ಸುಮಾರು 40 ಗ್ರಾಂ. ಪಟ್ಟಿ ನೋಡುವವರು ಇಲ್ಲೇ ಎಡವುವುದು. ಕೆಲಸವಿಲ್ಲದ 400 ಕಿಲೊ ಕುದುರೆಗೆ ಬೇಕಾದ ಕ್ಯಾಲ್ಸಿಯಂ 16 ಗ್ರಾಂ, ಇಲ್ಲಿ 23 ಇದೆಯಲ್ಲ ಎಂದು ನಿರಾಳರಾಗುತ್ತಾರೆ. ಅಷ್ಟು ರಂಜಕ ಜೊತೆಗಿದ್ದರೆ ಕರುಳು ಆ ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯತೊಡಗಿದ ಕೂಡಲೇ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದ ಕಿತ್ತು ತುಂಬುತ್ತದೆ. ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಯ ಕೆಳಗಿನ ಮೂಳೆ ಟೊಳ್ಳಾಗುತ್ತದೆ, ಅಸ್ಥಿರಜ್ಜು ಮೂಳೆಗೆ ಹಿಡಿದುಕೊಂಡ ಜಾಗ ಸಡಿಲಾಗುತ್ತದೆ. ಅಡಿಪಾಯ ಕುಸಿಯುತ್ತಿರುವ ಮನೆಗೆ ಸುಣ್ಣ ಬಳಿದಂತೆ ಮೇಲಿನಿಂದ ಕೀಲಿನ ಪುಡಿ.

ಲಕ್ಷಣಗಳು ಕಳ್ಳತನದವು. ಇವತ್ತು ಎಡ ಮುಂಗಾಲು, ಬರುವ ವಾರ ಬಲ ಹಿಂಗಾಲು, ಹೆಜ್ಜೆ ಗಿಡ್ಡ, ತಿರುವಿನಲ್ಲಿ ಬಿಗಿತ, ಹುಲ್ಲು ಅಗಿಯುವುದು ನಿಧಾನ. ಮುಖದ ಮೂಳೆ ಊದಿಕೊಳ್ಳುವುದು ಬಹಳ ತಡವಾಗಿ. ರಕ್ತದ ಕ್ಯಾಲ್ಸಿಯಂ ಮಾತ್ರ ಪರೀಕ್ಷಿಸಿ "ನಾರ್ಮಲ್" ಎಂದು ಕಾಗದ ತಂದರೆ ಪ್ರಯೋಜನ ಕಡಿಮೆ. ಮೂಳೆಯಿಂದ ಕಿತ್ತು ತುಂಬಿಸಿರುವಾಗ ರಕ್ತದಲ್ಲಿ ನಾರ್ಮಲ್ ಬರದೆ ಇನ್ನೇನು ಬರುತ್ತದೆ? ಮೂತ್ರದಲ್ಲಿ ಎಷ್ಟು ರಂಜಕ ಹೋಗುತ್ತಿದೆ ಎಂಬುದು ಹೆಚ್ಚು ಹೇಳುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ಮೂಳೆಯ ಖನಿಜ ಸುಮಾರು ಶೇ 30ರಷ್ಟು ಹೋಗಿರುತ್ತದೆ.

ಇಷ್ಟು ಕೇಳಿದ ಮೇಲೆ ಜನ ಮಾಡುವ ಎರಡನೇ ತಪ್ಪು ಡಿಸಿಪಿ. ಡೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಹೆಸರಿನಲ್ಲೇ ಫಾಸ್ಫೇಟ್ ಇದೆ, ಮಹನೀಯರೇ! ಕ್ಯಾಲ್ಸಿಯಂ ಜೊತೆ ಶೇ 18ರ ಸುಮಾರು ರಂಜಕವನ್ನೂ ಸುರಿದರೆ ತಪ್ಪಿದ ಪ್ರಮಾಣ ಸರಿಹೋಗುವುದು ಹೇಗೆ? ಬೇಕಾದದ್ದು ಪಶು ಆಹಾರಕ್ಕೆಂದೇ ಬರುವ ಸುಣ್ಣಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಕ್ಯಾಲ್ಸಿಯಂ ಸುಮಾರು ಶೇ 38. ಮೇಲಿನ ಬಕೆಟ್ಟನ್ನು ಒಂದೂವರೆ ಪಾಲಿಗೆ ತರಲು ದಿನಕ್ಕೆ 100 ಗ್ರಾಂ ಬೇಕಾಗುತ್ತದೆ. ಅಷ್ಟು ಹಾಕಿ ನೋಡಿ: ಕುದುರೆ ತುಟಿಯಿಂದ ಓಟ್ಸ್ ಹೆಕ್ಕಿ ತಿಂದು, ಬಕೆಟ್ಟಿನ ತಳದಲ್ಲಿ ಬಿಳಿ ಕೆಸರನ್ನು ಹಾಗೇ ಬಿಟ್ಟಿರುತ್ತದೆ.

ಅದಕ್ಕಿಂತ ಬೂಸಾ ಬಿಡುವುದೇ ಸುಲಭ. 6 ಕಿಲೊ ಒಣಹುಲ್ಲು, ಒಂದೂವರೆ ಕಿಲೊ ಒಣಗಿಸಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್), 1 ಕಿಲೊ ಓಟ್ಸ್. ಕ್ಯಾಲ್ಸಿಯಂ 42 ಗ್ರಾಂ, ರಂಜಕ 20 ಗ್ರಾಂ ಆಸುಪಾಸು. ಪುಡಿಯಿಲ್ಲದೆ ಲೆಕ್ಕ ಕೂಡಿಬಂತು. ಬದಲಾವಣೆ ಒಂದೇ ದಿನ ಬೇಡ, ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ. ಇಲ್ಲವಾದರೆ ಹೊಟ್ಟೆನೋವಿಗೆ ಕರೆ ಮಾಡುತ್ತೀರಿ. ಮೂತ್ರಪಿಂಡದ ತೊಂದರೆ ಅಥವಾ ಮೂತ್ರಕೋಶದ ಕಲ್ಲು ಇರುವ ಕುದುರೆಗೆ ಈ ಲೆಕ್ಕ ಹೊಂದುವುದಿಲ್ಲ, ನಿಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಹಸಿಮೇವು ನೇಪಿಯರ್, ಸೆಟೇರಿಯಾ, ಗಿನಿ ಹುಲ್ಲಾಗಿದ್ದರೆ ಅದನ್ನೂ ಹೇಳಿ. ಅವುಗಳಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ದನಕ್ಕೆ ಒಗ್ಗಿದ್ದು ಕುದುರೆಗೆ ಒಗ್ಗದಿರಬಹುದು. ದನದ ಆಹಾರದ ಮಾತು ಬಂದದ್ದರಿಂದ ಇನ್ನೊಂದು: ಮೊನೆನ್ಸಿನ್ ಎಂಬ ಔಷಧ ಸೇರಿಸಿದ ದನದ ಆಹಾರ ಕುದುರೆಗೆ ಪ್ರಾಣಾಂತಿಕ. ಅದನ್ನು ಲಾಯದ ಹತ್ತಿರವೂ ಇಡಬೇಡಿ.

ಮೇವು ಸರಿಮಾಡಿದರೆ ಕುಂಟು ತಗ್ಗಲು ಕೆಲವು ವಾರಗಳು ಬೇಕು, ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಆ ಅವಧಿಯಲ್ಲಿ ಭಾರಿ ಸವಾರಿ ಬೇಡ. ಊದಿದ ಮುಖ ಪೂರ್ತಿ ಇಳಿಯದೆಯೂ ಇರಬಹುದು.

ಇನ್ನು ತೂಕ. ಪಾಸೊ ಫಿನೊ, ಐಸ್‌ಲ್ಯಾಂಡಿಕ್ ಗಾಳಿ ಕುಡಿದೇ ದಪ್ಪಗಾಗುವ ಜಾತಿಗಳು. ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ವರ್ಗ ಮಾಡಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 170, ಉದ್ದ 160 ಆದರೆ ಸುಮಾರು 389 ಕಿಲೊ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸುಲಭವಾಗಿ ಸಿಗಬೇಕು. ಸಿಗದಿದ್ದರೆ ಧಾನ್ಯ ಪೂರ್ತಿ ನಿಲ್ಲಿಸಿ. ಒಣಮೇವನ್ನು ಇರಬೇಕಾದ ತೂಕದ ಶೇ 1.5ಕ್ಕೆ, ಅಂದರೆ 400 ಕಿಲೊಗೆ 6 ಕಿಲೊಗೆ ಇಳಿಸಿ. ಉಪವಾಸ ಕೆಡವಬೇಡಿ. ಕತ್ತಿನ ಮೇಲೆ ಕೊಬ್ಬು ಗಟ್ಟಿಯಾಗಿ ಕೂತು, ಮುಂಗಾಲು ಎರಡೂ ಬಿಗಿಯಾಗಿದ್ದರೆ ಅದು ಕೀಲೇ ಅಲ್ಲದಿರಬಹುದು, ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಉರಿಯೂತ ಇರಬಹುದು. ಆಗ ಕಾಯಬೇಡಿ.

400 ಕಿಲೊ ಕುದುರೆಗೆ ತಾಮ್ರ ದಿನಕ್ಕೆ 80 ಮಿಲಿಗ್ರಾಂ, ಸತು 320 ಇರಲಿ. ಮೃದ್ವಸ್ಥಿಯಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ಹೆಣೆಯುವ ಕಿಣ್ವಕ್ಕೆ ತಾಮ್ರ ಬೇಕು. ಹಸಿರು ಮೇವು ಸಿಗದವಕ್ಕೆ ವಿಟಮಿನ್ ಇ, ಪುಡಿ ಮಾಡಿದ ಅಗಸೆ ಬೀಜ 100 ಗ್ರಾಂ. ಸೆಲೆನಿಯಂ ಇರುವ ಎರಡು ಡಬ್ಬಿಗಳನ್ನು ಒಟ್ಟಿಗೆ ಕೊಡಬೇಡಿ. ಮಿತಿ ಮೀರಿದರೆ ಬಾಲ, ಕೇಸರದ ಕೂದಲು ಉದುರಿ ಗೊರಸು ಸೀಳುತ್ತದೆ.

ಕೊನೆಗೆ ನೀವು ಕೇಳಿದ ಆ ಪುಡಿ. ಅದರಲ್ಲಿರುವ ಗ್ಲುಕೋಸಮೈನ್ ಎಂಬ ಅಂಶವನ್ನು ಬಾಯಿಂದ ಕೊಟ್ಟರೆ ರಕ್ತಕ್ಕೆ ಸೇರುವುದು ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಕೆಲವು ಕುದುರೆಗಳಿಗೆ ಉಪಯೋಗವಾಗಬಹುದು, ಖಾತರಿ ಕೊಡಲಾರೆ. ಕೊಡುವುದಾದರೆ ದಿನಕ್ಕೆ 10 ಗ್ರಾಂ ಗ್ಲುಕೋಸಮೈನ್ ಸಿಗುವಂತೆ ಎಂಟು ವಾರ ಕೊಟ್ಟು, ಮೇವನ್ನಾಗಲಿ ಲಾಳವನ್ನಾಗಲಿ ಆ ನಡುವೆ ಬದಲಿಸದೆ, ಮೊದಲ ದಿನವೂ ಕಡೆಯ ದಿನವೂ ಅದೇ ಗಟ್ಟಿ ನೆಲದ ಮೇಲೆ ಗೊರಸಿನ ಸದ್ದು ದಾಖಲಿಸಿ. ಎರಡರಲ್ಲೂ ತಾಳ ಒಂದೇ ಆಗಿದ್ದರೆ ಡಬ್ಬಿ ಮುಚ್ಚಿ, ಕುದುರೆಯನ್ನು ದಿನಕ್ಕೆ ಇನ್ನೊಂದು ಗಂಟೆ ಹೊರಗೆ ಬಿಡಿ. ಮೃದ್ವಸ್ಥಿಗೆ ರಕ್ತನಾಳವಿಲ್ಲ, ಕಾಲು ಒತ್ತಿ ಬಿಟ್ಟಾಗಲೇ ಕೀಲಿನ ದ್ರವ ಅದರೊಳಗೆ ಇಳಿಯುವುದು.