ಮಧ್ಯಾಹ್ನ ಒತ್ತಡ ಇಳಿದರೆ ಮಳೆ ಬರುತ್ತದಾ?

ಈಗ ಎಷ್ಟೋ ಫೋನುಗಳಲ್ಲೇ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುತ್ತದೆ. ಹಾಗಾಗಿ ನನ್ನನ್ನು ಜನ ಪದೇ ಪದೇ ಕೇಳುವ ಪ್ರಶ್ನೆ ಇದು: "ಸರ್, ಬೆಳಗ್ಗೆಯಿಂದ ಒತ್ತಡ ಇಳೀತಾನೇ ಇದೆ, ಸಂಜೆ ಮಳೆ ಗ್ಯಾರಂಟಿ ಅಲ್ವಾ?"

ಹಾಗೇನಿಲ್ಲ. ನಮ್ಮ ಕಡೆ ಗಾಳಿಯ ಒತ್ತಡ ದಿನಾಲೂ ಏರಿ ಇಳಿಯುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಜಾಸ್ತಿ, ಸಂಜೆ ನಾಲ್ಕರ ಸುಮಾರಿಗೆ ಕಮ್ಮಿ. ರಾತ್ರಿ ಹತ್ತಕ್ಕೆ ಮತ್ತೆ ಏರುತ್ತದೆ, ನಸುಕಿನಲ್ಲಿ ಮತ್ತೆ ಇಳಿಯುತ್ತದೆ. ಬಿಸಿಲು ಇಡೀ ವಾತಾವರಣವನ್ನು ಕಾಯಿಸುವುದರಿಂದ ಹೀಗಾಗುತ್ತದೆ. ಹಗಲಲ್ಲಿ 3-4 ಹೆಕ್ಟೋಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ) ಇಳಿಯುವುದು ಮಾಮೂಲಿ. ಒಂದು ತುಂಡು ಮೋಡವೂ ಇಲ್ಲದ ಮಾರ್ಚ್ ತಿಂಗಳಲ್ಲೂ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಈ ದಿನದ ಏರಿಳಿತ ತುಂಬ ಸಣ್ಣದು, ಹವೆ ಬದಲಾದಾಗ ಆಗುವ ಏರಿಳಿತ ದೊಡ್ಡದು. ಅಲ್ಲಿ ಬ್ಯಾರೋಮೀಟರಿನ ಮುಳ್ಳು ನೋಡಿ ಕೊಡೆ ಹಿಡಿದು ಹೊರಡಬಹುದು. ನಮ್ಮಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಅದಕ್ಕೇ ಹವಾಮಾನ ನೋಡುವ ನಾವು ಇವತ್ತು ಬೆಳಗ್ಗೆ 8:30ರ ಒತ್ತಡವನ್ನು ನಿನ್ನೆ 8:30ರ ಒತ್ತಡದ ಜೊತೆ ಹೋಲಿಸುತ್ತೇವೆ. ಸುತ್ತಲಿನ ಊರುಗಳಲ್ಲೂ ಒಂದೇ ರೀತಿ ಇಳಿದಿದ್ದರೆ ಆಗ ಗಮನ ಕೊಡಬೇಕು.

ಇನ್ನೊಂದು ವಿಷಯ, ಎತ್ತರ. ಸಮುದ್ರ ಮಟ್ಟದಲ್ಲಿ ಸರಾಸರಿ ಒತ್ತಡ 1013 ಹೆಕ್ಟೋಪ್ಯಾಸ್ಕಲ್. ಬೆಂಗಳೂರು 900 ಮೀಟರಿಗಿಂತ ಮೇಲಿದೆ, ಅಲ್ಲಿ ಯಾವಾಗಲೂ 910ರ ಆಸುಪಾಸು. 1999ರ ಒಡಿಶಾ ಸೂಪರ್ ಸೈಕ್ಲೋನಿನ ನಡುವೆ ಇದ್ದ ಒತ್ತಡ 912 ಎಂದು ಅಂದಾಜು. ಬೆಂಗಳೂರಿನ ಮನೆಯಲ್ಲಿ ದಿನಾ ಕಾಣುವ ಸಂಖ್ಯೆ ಕಡಲ ಮೇಲೆ ಕಂಡರೆ ಅದು ಮಹಾ ವಿನಾಶ! ಅದಕ್ಕಾಗಿ ಎಲ್ಲ ಊರಿನ ಒತ್ತಡವನ್ನೂ ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿ, ಆಮೇಲೆ ನಕ್ಷೆಯಲ್ಲಿ ಗುರುತಿಸುತ್ತೇವೆ.

ಒತ್ತಡ ಕಮ್ಮಿ ಇರುವ ಕಡೆಗೆ ಸುತ್ತಲಿನ ಗಾಳಿ ನುಗ್ಗುತ್ತದೆ. ಬಂದ ಗಾಳಿ ಮೇಲೇರುತ್ತದೆ, ಏರುತ್ತಾ ಹಿಗ್ಗಿ ತಣ್ಣಗಾಗುತ್ತದೆ, ಅದರಲ್ಲಿನ ತೇವ ಮೋಡವಾಗುತ್ತದೆ. ಆದರೆ ತೇವ ಇರಬೇಕು. ಮೇ-ಜೂನ್‌ನಲ್ಲಿ ಥಾರ್ ಮರುಭೂಮಿ, ಪಾಕಿಸ್ತಾನದ ಮೇಲೆ ಒತ್ತಡ ಬಹಳ ಇಳಿದಿರುತ್ತದೆ. ಅಲ್ಲಿ ಧೂಳೇ ಹೊರತು ಮಳೆಯಿಲ್ಲ. ಮುಂಗಾರಿನ ಗಾಳಿಯನ್ನು ಅರಬ್ಬಿ ಸಮುದ್ರ ದಾಟಿಸಿ ನಮ್ಮ ಕರಾವಳಿಗೆ ಎಳೆದು ತರುವುದರಲ್ಲಿ ಮಾತ್ರ ಅದರ ಪಾಲು ದೊಡ್ಡದು.

ಜುಲೈನಲ್ಲಿ ಒಡಿಶಾ ಕಡಲತೀರದಲ್ಲಿ ವಾಯುಭಾರ ಕುಸಿತವಾದರೆ, ಅಂದರೆ ಸುತ್ತಲಿಗಿಂತ ಒತ್ತಡ ಕಮ್ಮಿ ಇರುವ ಜಾಗ ಉಂಟಾದರೆ, ಮಂಗಳೂರಿನಲ್ಲಿ, ಆಗುಂಬೆಯಲ್ಲಿ ಮಳೆ ಜೋರಾಗುವುದು ಯಾಕೆ? ನಮ್ಮ ಉತ್ತರಾರ್ಧಗೋಳದಲ್ಲಿ ಕುಸಿತದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಹಾಗಾಗಿ ಅದರ ದಕ್ಷಿಣಕ್ಕೆ ಪಡುವಣ ಗಾಳಿ ಬಲವಾಗುತ್ತದೆ. ಆ ಗಾಳಿ ಬಂದು ಪಶ್ಚಿಮ ಘಟ್ಟಕ್ಕೆ ಬಡಿಯುತ್ತದೆ. ಅದೇ ದಿನ ಘಟ್ಟದ ಆಚೆ ಚಿತ್ರದುರ್ಗದಲ್ಲಿ ಬರೀ ಗಾಳಿ ಬೀಸುತ್ತಿರಬಹುದು. ನವೆಂಬರ್‌ನಲ್ಲಿ ಕುಸಿತ ತಮಿಳುನಾಡಿನ ಕರಾವಳಿ ಹತ್ತಿರ ಬಂದರೆ ಬೆಂಗಳೂರಿಗೆ ಎರಡು ಮೂರು ದಿನ ಜಿಟಿಜಿಟಿ ಮಳೆ, ಥಂಡಿ. ಕುಸಿತ ಎಲ್ಲಿದೆ ಅನ್ನುವುದು ಗೊತ್ತಿಲ್ಲದೆ ಬರೀ ಸಂಖ್ಯೆ ಹಿಡಿದು ಏನೂ ಹೇಳಲಾಗದು.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯನ್ನಂತೂ ನಿಮ್ಮ ಫೋನಿನ ಬ್ಯಾರೋಮೀಟರ್ ಮುಂಚೆ ಹೇಳುವುದು ಕಷ್ಟ. ಮಳೆ ಸುರಿಯುವಾಗ ಮೋಡದಿಂದ ತಣ್ಣನೆ ಭಾರದ ಗಾಳಿ ಕೆಳಗೆ ಧುಮುಕುತ್ತದೆ. ಆಗ ಒತ್ತಡ ಇಳಿಯುವ ಬದಲು ಥಟ್ಟನೆ ಏರುವುದೂ ಉಂಟು.

ಕರಾವಳಿಯಲ್ಲಿರುವವರು ಒಂದನ್ನು ಗಮನಿಸಿ. ಸಂಜೆ ಇಳಿದ ಒತ್ತಡ ರಾತ್ರಿ ಹತ್ತಕ್ಕೆ ಏರಲೇಬೇಕು. ಏರದೆ ಇನ್ನೂ ಇಳಿಯುತ್ತಿದ್ದರೆ, ಮರುದಿನ ಬೆಳಗ್ಗೆಯೂ ಮೇಲೆ ಬರದಿದ್ದರೆ, ಸಮುದ್ರದಲ್ಲಿ ಏನೋ ದೊಡ್ಡದು ಹತ್ತಿರವಾಗುತ್ತಿದೆ. ಅಷ್ಟರೊಳಗೆ ಹವಾಮಾನ ಇಲಾಖೆಯ ಎಚ್ಚರಿಕೆ ಬಂದೇ ಇರುತ್ತದೆ. ದೋಣಿ ಇಳಿಸುವ ಮುಂಚೆ ಅದನ್ನು ಓದಿ.