ಕಳೆದುಹೋದ ಜಹಗೀರಿಗೆ ಒಂದು ಪಟಾಲಂ

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಪಡುಗೋಡೆಯ ಮೇಲೆ, ಹೈದರಾಲಿ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರು ಕದನದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ, ಅವನ ಸುತ್ತ ಚೌಕಾಕಾರವಾಗಿ ನಿಂತ ಕೆಂಪಂಗಿಯವರು, ಸಿಡಿಯುತ್ತಿರುವ ಮದ್ದಿನ ಬಂಡಿ. 1780ರ ಸೆಪ್ಟೆಂಬರ್ 10ರಂದು ಅಲ್ಲಿ ಸಿಕ್ಕಿಬಿದ್ದವರಲ್ಲಿ ಎರಡು ಕಂಪನಿಗಳು, ಅಂದರೆ ಸಣ್ಣ ತುಕಡಿಗಳು, ಸ್ಕಾಟ್ಲೆಂಡಿನ ಬೆಟ್ಟಸೀಮೆಯ ರೆಜಿಮೆಂಟೊಂದಕ್ಕೆ ಸೇರಿದ್ದವು. ಅದನ್ನು ಕಟ್ಟಿದವನು ಲಾರ್ಡ್ ಮೆಕ್ಲೌಡ್, ಅಂದರೆ ಜಾನ್ ಮೆಕೆಂಜಿ. ಒಂದು ಕಾಲಕ್ಕೆ ಇದೇ ಬ್ರಿಟಿಷ್ ಸಿಂಹಾಸನದ ವಿರುದ್ಧ ಕತ್ತಿ ಹಿರಿದಿದ್ದವನು.

ಅವನ ತಂದೆ ಕ್ರೋಮರ್ಟಿಯ ಮೂರನೆಯ ಅರ್ಲ್. ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಗದ್ದುಗೆಗೆ ತರಲು ನಡೆದ 1745ರ ಜಾಕೊಬೈಟ್ ದಂಗೆಯಲ್ಲಿ ಅಪ್ಪ, ಮಗ ಇಬ್ಬರೂ ಸ್ಟುವರ್ಟ್ ರಾಜಕುಮಾರನ ಪಕ್ಷ ಹಿಡಿದರು. ದಂಗೆ ಮುರಿದುಬಿದ್ದ ಕಲೋಡನ್ ಕದನದ ಹಿಂದಿನ ದಿನವೇ, 1746ರ ಏಪ್ರಿಲ್ 15ರಂದು, ಡನ್‌ರಾಬಿನ್ ಕೋಟೆಯಲ್ಲಿ ಸೆರೆಯಾದರು. ಅಪ್ಪನಿಗೆ ಮರಣದಂಡನೆ ವಿಧಿಸಿ ಆಮೇಲೆ ಜೀವ ಉಳಿಸಿದರು. ಪದವಿ, ಭೂಮಿ ಎರಡೂ ಮುಟ್ಟುಗೋಲಾದವು. ಮಗನಿಗೆ 1748ರಲ್ಲಿ ಕ್ಷಮೆ ಸಿಕ್ಕಿತು. ಷರತ್ತು ಒಂದೇ: ಇಪ್ಪತ್ತೊಂದು ತುಂಬಿದಾಗ ಜಹಗೀರಿನ ಮೇಲಿನ ಹಕ್ಕನ್ನು ದೊರೆಗೆ ಬರೆದುಕೊಡಬೇಕು.

ಕೈಯಲ್ಲಿ ಭೂಮಿಯಿಲ್ಲದ ಕುಲೀನನಿಗೆ ಉಳಿದದ್ದು ಪರದೇಶದ ಸೇನೆ. ಬರ್ಲಿನ್‌ನಲ್ಲಿದ್ದ ಇನ್ನೊಬ್ಬ ದೇಶಭ್ರಷ್ಟ ಸ್ಕಾಟ್, ಫೀಲ್ಡ್ ಮಾರ್ಷಲ್ ಜೇಮ್ಸ್ ಕೀತ್, ಶಿಫಾರಸು ಮಾಡಿ ಅವನನ್ನು ಸ್ವೀಡನ್ನಿನ ಸೇನೆಗೆ ಸೇರಿಸಿದ. 1757ರಲ್ಲಿ ಮೆಕ್ಲೌಡ್ ಸ್ವಇಚ್ಛೆಯಿಂದ ಪ್ರಶ್ಯದ ಕಡೆ ಹೋಗಿ, ಕೀತ್‌ನ ಜೊತೆ ಪ್ರಾಗ್ ದಂಡಯಾತ್ರೆಯಲ್ಲಿದ್ದ. ಸ್ವೀಡನ್ನಿನ ಚಾಕರಿ ಅವನಿಗೆ ಕೌಂಟ್ ಪದವಿಯನ್ನೂ ಖಡ್ಗ ಗೌರವವನ್ನೂ ಕೊಟ್ಟಿತು. ಊರಿನ ಹೊಲ ಮಾತ್ರ ದೊರೆಯ ಬಳಿಯೇ ಇತ್ತು.

ಅದನ್ನು ಬಿಡಿಸಿಕೊಳ್ಳುವ ದಾರಿಯನ್ನು ಸೈಮನ್ ಫ್ರೇಜರ್ ಆಗಲೇ ತೋರಿಸಿದ್ದ. ಅವನೂ ದಂಗೆಕೋರರ ಮನೆಯವನೇ. 1757ರಲ್ಲಿ ದೊರೆಗಾಗಿ ರೆಜಿಮೆಂಟ್ ಕಟ್ಟಿದ, 1774ರಲ್ಲಿ ಲೋವಟ್ ಜಹಗೀರು ಅವನಿಗೆ ಮರಳಿತು. ಅಮೆರಿಕದ ಯುದ್ಧಕ್ಕೆ ಆಳು ಸಾಲದೆ ಸರ್ಕಾರ ಪರದಾಡುತ್ತಿದ್ದಾಗ, 1777ರಲ್ಲಿ, ಮೆಕ್ಲೌಡ್ ಮರಳಿ ಬಂದು ಅದೇ ಮಾತು ಮುಂದಿಟ್ಟ. ವ್ಯವಸ್ಥೆ ಸರಳ: ಸರ್ಕಾರ ನೇಮಕಾತಿಯ ಪರವಾನಗಿ ಕೊಡುತ್ತದೆ; ಹುದ್ದೆ ಬಯಸುವವನು ಇಂತಿಷ್ಟು ಆಳುಗಳನ್ನು ತರಬೇಕು. ಒಕ್ಕಲುಗಳೇ ಇಲ್ಲದ ಮೆಕ್ಲೌಡ್‌ಗೆ ಮೆಕೆಂಜಿ ಕುಲದ ಹೆಸರೇ ಬಂಡವಾಳ. ಕೆಲವೇ ತಿಂಗಳಲ್ಲಿ ಸುಮಾರು 1,100 ಮಂದಿ ಸೇರಿದರು. ಅವರಲ್ಲಿ 840 ಜನ ಬೆಟ್ಟಸೀಮೆಯವರು. ಹೀಗೆ ಹುಟ್ಟಿದ್ದು 73ನೆಯ ರೆಜಿಮೆಂಟ್. ಎರಡನೆಯ ಬೆಟಾಲಿಯನ್ ಅವನ ತಮ್ಮನ ಕೈಕೆಳಗೆ ಜಿಬ್ರಾಲ್ಟರ್‌ಗೆ ಹೋಯಿತು. ಮೊದಲನೆಯದು 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿಯಿತು.

ಜುಲೈನಲ್ಲಿ ಹೈದರಾಲಿ ಘಟ್ಟವಿಳಿದ. ಗುಂಟೂರಿನಿಂದ ಬರುತ್ತಿದ್ದ ಬೇಲಿಯ ತುಕಡಿ ಮುಖ್ಯ ಸೇನೆಯನ್ನು ಕಂಚಿಯಲ್ಲಿ ಕೂಡಿಕೊಳ್ಳಬೇಕೆಂದು ಮದರಾಸಿನ ಇಂಗ್ಲಿಷ್ ಸೇನಾಪತಿ ಹೆಕ್ಟರ್ ಮನ್ರೋ ಲೆಕ್ಕ ಹಾಕಿದ. ಆ ಸೇನೆಯನ್ನು ನಡೆಸಬೇಕಿದ್ದ ಮೆಕ್ಲೌಡ್ ಒಪ್ಪಲಿಲ್ಲ. ಶತ್ರುವಿನ ಕುದುರೆಪಡೆ ಸುತ್ತಾಡುತ್ತಿರುವ ಸೀಮೆಯ ನಡುವೆ ಕೂಡುವುದೇಕೆ, ಮದರಾಸಿನ ಹತ್ತಿರ ಸೇರೋಣ ಎಂಬುದು ಅವನ ವಾದ. ಕೊನೆಗೆ ಮನ್ರೋ ತಾನೇ ದಂಡಿನ ಮುಂದೆ ಹೊರಟ. ನಮ್ಮ ದೃಷ್ಟಿಯಲ್ಲಿ ಮೆಕ್ಲೌಡ್‌ನ ಇಡೀ ಸೈನಿಕ ಬದುಕಿನ ಅತಿ ಸರಿಯಾದ ನಿರ್ಧಾರ ಇದೇ, ಆದರೆ ನಡೆಯದೇ ಹೋದದ್ದು. ಬೇಲಿ ಕೊರಟಲೈ ಹೊಳೆಯನ್ನು ನೀರು ಕಡಿಮೆಯಿದ್ದಾಗಲೇ ದಾಟದೆ ದಡದಲ್ಲಿ ತಂಗಿದ. ರಾತ್ರಿ ಪ್ರವಾಹ ಬಂದು ವಾರಕ್ಕೂ ಹೆಚ್ಚು ಕಾಲ ಅಲ್ಲೇ ಉಳಿಯಬೇಕಾಯಿತು. ಸೆಪ್ಟೆಂಬರ್ 6ರಂದು ಟಿಪ್ಪು ಅವನನ್ನು ಪೆರಂಬಾಕಂ ಬಳಿ ತಡೆದ. ಮನ್ರೋ ಕಂಚಿಯ ದವಸ, ತೋಪುಗಳನ್ನು ಬಿಟ್ಟು ಕದಲಲಾರದೆ, ಕರ್ನಲ್ ಫ್ಲೆಚರ್‌ನ ಜೊತೆ ಸುಮಾರು ಸಾವಿರ ಜನರನ್ನಷ್ಟೇ ಕಳಿಸಿದ. ಮೆಕ್ಲೌಡ್‌ನ ಎರಡು ಕಂಪನಿಗಳು ಹೋದದ್ದು ಆಗಲೇ, ಕ್ಯಾಪ್ಟನ್ ಡೇವಿಡ್ ಬೇರ್ಡ್‌ನ ಕೈಕೆಳಗೆ. ಪೊಳ್ಳಿಲೂರಿನಲ್ಲಿ ಮದ್ದಿನ ಬಂಡಿಗಳು ಸಿಡಿದ ಮೇಲೆ ತೋಪುಗಳು ಮೂಕವಾದವು. ಮನ್ರೋ ತನ್ನ ದೊಡ್ಡ ತೋಪುಗಳನ್ನು ಕಂಚಿಯ ಕೆರೆಗೆ ನೂಕಿ ಹಿಂದೆ ಸರಿದ. ಗಾಯಗೊಂಡ ಬೇರ್ಡ್ 1784ರ ಮಾರ್ಚ್‌ವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ.

ಮನ್ರೋ ಜೊತೆ ಮನಸ್ತಾಪ ಬೆಳೆದು ಮೆಕ್ಲೌಡ್ ಊರಿಗೆ ಮರಳಿದ. 1781ರ ಜುಲೈ 1ರಂದು ಹೈದರನ ವಿರುದ್ಧ ಪೋರ್ಟೊ ನೋವೊದಲ್ಲಿ ನಡೆದ ಕದನದಲ್ಲಿ ರೆಜಿಮೆಂಟ್ ಹೆಸರು ಗಳಿಸಿದ್ದು ಕರ್ನಲ್ ಕ್ರಾಫರ್ಡ್‌ನ ಕೈಕೆಳಗೆ. ಯಜಮಾನನಿಗೆ ಮೇಜರ್ ಜನರಲ್ ಪದವಿ ಬಂತು. 1784ರಲ್ಲಿ 19,000 ಪೌಂಡ್ ಕಟ್ಟಿದ ಮೇಲೆ ಜಹಗೀರೂ ಬಂತು. ಅರ್ಲ್ ಪದವಿ ಬರಲಿಲ್ಲ. 1789ರ ಏಪ್ರಿಲ್‌ನಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡಾಗ ಅವನಿಗೆ ಮಕ್ಕಳಿರಲಿಲ್ಲ. ಭೂಮಿ ದಾಯಾದಿಗೆ ಹೋಯಿತು.

ಮೈಸೂರು ಯುದ್ಧಗಳನ್ನು ಓದುವವರು ಎಡವುವ ಎರಡು ಜಾಗಗಳಿವೆ. 1782ರಲ್ಲಿ ಮಲಬಾರಿನ ಪೊನ್ನಾನಿಯಲ್ಲಿ ಟಿಪ್ಪುವನ್ನು ಎದುರಿಸಿದ ಮೆಕ್ಲೌಡ್ ಬೇರೆಯವನು, ನಾರ್ಮನ್. ಇನ್ನೊಂದು ರೆಜಿಮೆಂಟಿನ ಸಂಖ್ಯೆಯದು. ಲಾರ್ಡ್ ಮೆಕ್ಲೌಡ್‌ನ 73ನೆಯದು 1786ರಲ್ಲಿ 71ನೆಯದಾಯಿತು. 1791ರಲ್ಲಿ ಬೆಂಗಳೂರು, ನಂದಿದುರ್ಗಗಳ ಮುತ್ತಿಗೆಯಲ್ಲಿದ್ದದ್ದು ಈ ಹೊಸ ಸಂಖ್ಯೆಯಲ್ಲೇ. ಖಾಲಿಯಾದ 73ರ ಸಂಖ್ಯೆ 42ನೆಯ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ನಿಗೆ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ 73 ಅದು. ನುಗ್ಗಿದವರ ಮುಂದಾಳು ಮಾತ್ರ ಹಳೆಯ 73ರವನು, ಅದೇ ಡೇವಿಡ್ ಬೇರ್ಡ್.