ಜೆಸ್ವಿಟ್ ಕಾಲೇಜಿನಲ್ಲಿ ಹಳಗನ್ನಡದ ಪಂಡಿತರು: ಕ್ರಿಶ್ಚಿಯನ್ ಕಾಲೇಜಿಗೆ ಮೇಷ್ಟ್ರು ಯಾರಾಗಬೇಕು?

ಮಂಗಳೂರಿನ ಲೈಟ್‌ಹೌಸ್ ಹಿಲ್ ಹತ್ತಿದರೆ ಜೆಸ್ವಿಟರು, ಅಂದರೆ ಕಥೋಲಿಕ್ ಪಾದ್ರಿಗಳ ಒಂದು ಸನ್ಯಾಸಿ ಸಭೆಯವರು, ಕಟ್ಟಿದ ಸಂತ ಅಲೋಶಿಯಸ್ ಕಾಲೇಜು ಸಿಗುತ್ತದೆ. ಅಲ್ಲಿನ ಚಾಪೆಲ್ ನೋಡಲು ದೂರದೂರಿನಿಂದ ಜನ ಬರುತ್ತಾರೆ. ತಲೆ ಎತ್ತಿದರೆ ಮಾಡಿನ ತುಂಬ, ಗೋಡೆಯ ತುಂಬ ಚಿತ್ರಗಳು. ಇಟಲಿಯಿಂದ ಬಂದ ಬ್ರದರ್ ಆಂಟೋನಿಯೊ ಮೊಸ್ಕೆನಿ ಬರೆದದ್ದು. ಚಿತ್ರ ನೋಡಿ ಕತ್ತು ನೋಯಿಸಿಕೊಂಡು ಹೊರಗೆ ಬರುವ ಎಷ್ಟು ಜನರಿಗೆ ಇನ್ನೊಂದು ವಿಷಯ ಗೊತ್ತಿದೆಯೋ ಏನೋ. ಇದೇ ಕಾಲೇಜಿನಲ್ಲಿ ಮುಳಿಯ ತಿಮ್ಮಪ್ಪಯ್ಯನವರು ಕನ್ನಡ ಪಂಡಿತರಾಗಿದ್ದರು. ಪಂಪನನ್ನು ಅವರಷ್ಟು ಪ್ರೀತಿಯಿಂದ ಓದಿದವರು ಕಡಿಮೆ. ಆಮೇಲೆ ಸೇಡಿಯಾಪು ಕೃಷ್ಣ ಭಟ್ಟರು ಬಂದರು. ಕನ್ನಡ ಛಂದಸ್ಸಿನ ಮಾತು ಬಂದರೆ ಇವತ್ತಿಗೂ ಅವರ ಹೆಸರು ಹೇಳದೆ ಮುಂದೆ ಹೋಗಲಾಗುವುದಿಲ್ಲ. 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಕ್ರೈಸ್ತ ಸನ್ಯಾಸಿನಿಯರು ತೆರೆದ ಸಂತ ಆಗ್ನೆಸ್ ಕಾಲೇಜಿನಲ್ಲಿ ಕನ್ನಡ ಕಲಿಸಿದವರು ಕವಿ ಕಡೆಂಗೋಡ್ಲು ಶಂಕರ ಭಟ್ಟರು.

ಪಾದ್ರಿಗಳ ಕಾಲೇಜು, ಸಿಸ್ಟರ್‌ಗಳ ಕಾಲೇಜು, ಪಾಠಕ್ಕೆ ಭಟ್ಟರು. ಆ ಕಾಲಕ್ಕೆ ಇದು ದೊಡ್ಡ ಸುದ್ದಿಯೇ ಅಲ್ಲ. ಈಗ ಮಾತ್ರ "ಅದು ಕ್ರಿಶ್ಚಿಯನ್ ಕಾಲೇಜು ಅಲ್ವಾ, ಅಲ್ಲಿ ಅವರನ್ನೇ ತಗೋತಾರೆ" ಎಂಬ ಮಾತು ಸುಲಭವಾಗಿ ಬರುತ್ತದೆ. ಇದಕ್ಕೆ ಪ್ರತಿಯಾಗಿ "ನಮ್ಮ ಸಂಸ್ಥೆಗೆ ಯಾರು ಬೇಕು ಅನ್ನೋದು ನಮ್ಮ ಹಕ್ಕು" ಎಂಬ ಮಾತೂ ಇದೆ. ಎರಡಕ್ಕೂ ಹಿಂದೆ ಉದ್ದದ ಕತೆಯಿದೆ.

ಕರಾವಳಿಯಲ್ಲಿ ಅದು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್‌ನಿಂದ ಶುರು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಕನ್ನಡ ಕಲಿತು 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದದ್ದು ಎಲ್ಲರಿಗೂ ಗೊತ್ತು. ಅದರ ಮರುವರ್ಷ, 1844ರಲ್ಲಿ, ಮಿಷನ್ ಶಾಲೆಯ ನಂಟಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತರಾದರು. ಊರಿಗೆ ಊರೇ ಅಲ್ಲಾಡಿತು. ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಓದಿ, ದೀಕ್ಷೆ ಪಡೆದು 1851ರಲ್ಲಿ ಮಿಷನರಿಯಾಗಿ ವಾಪಸ್ ಬಂದರು. ಪಾದ್ರಿಗಳನ್ನು ತಯಾರು ಮಾಡುವ ಮಂಗಳೂರಿನ ಸೆಮಿನರಿಯಲ್ಲಿ ಪಾಠ ಮಾಡಿದರು. ಅಷ್ಟು ದಿನ ಜರ್ಮನ್ ಮಾತಾಡುವ ಮಿಷನರಿಗಳಿದ್ದ ಸಾಲಿನಲ್ಲಿ ಈ ಊರಿನವರೇ ಒಬ್ಬರು ಬಂದು ಕೂತರು. ಅಂದರೆ ಯಾವ ಧರ್ಮದವರು ಎನ್ನುವ ಪ್ರಶ್ನೆಯ ಜೊತೆಗೇ ಯಾವ ದೇಶದವರು, ಯಾವ ಜಾತಿಯಿಂದ ಬಂದವರು ಎನ್ನುವುದೂ ಮೊದಲಿನಿಂದಲೇ ಅಂಟಿಕೊಂಡಿತ್ತು.

1854ರಲ್ಲಿ, ಭಾರತದ ಶಿಕ್ಷಣ ಹೇಗಿರಬೇಕು ಎಂದು ಲಂಡನ್ನಿನಿಂದ ಚಾರ್ಲ್ಸ್ ವುಡ್ ಬರೆದ ಶಿಕ್ಷಣ ಪತ್ರ ಬಂತು. ಖಾಸಗಿ ಶಾಲೆಗಳಿಗೂ ಸರ್ಕಾರ ಅನುದಾನ ಕೊಡಬಹುದು, ಆದರೆ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ ಎಂಬುದು ಅದರ ನಿಯಮ. ನನ್ನ ಪ್ರಕಾರ ಈ ಇಡೀ ಕತೆಯ ತಿರುವು ಇಲ್ಲೇ ಇದೆ. ಸರ್ಕಾರದ ದುಡ್ಡು ಬಂದ ಮೇಲೆ ಮೇಷ್ಟ್ರ ನಂಬಿಕೆಗಿಂತ ಮೇಷ್ಟ್ರ ಪಾಠಕ್ಕೆ ಬೆಲೆ ಜಾಸ್ತಿಯಾಯಿತು. ಪರೀಕ್ಷೆಯಲ್ಲಿ ಹುಡುಗರು ಪಾಸಾಗಬೇಕು. ಸಂಸ್ಕೃತ, ಕನ್ನಡ ಚೆನ್ನಾಗಿ ಬಲ್ಲವರು ಎಲ್ಲಿದ್ದರೋ ಅಲ್ಲಿಂದ ಕರೆತರಬೇಕು.

ಮಂಗಳೂರಿನ ಕಥೋಲಿಕರು ನಮಗೆ ಜೆಸ್ವಿಟರನ್ನು ಕಳುಹಿಸಿ ಎಂದು ರೋಮ್‌ಗೆ ಬರೆದುಕೊಂಡಿದ್ದರು. 1878ರ ಡಿಸೆಂಬರ್ 31ರಂದು ಜೆಸ್ವಿಟರು ಬಂದಿಳಿದರು. 1880ರಲ್ಲಿ ಕಾಲೇಜು ಶುರುವಾಯಿತು. ಆ ಮೊದಲ ಸಿಬ್ಬಂದಿಯನ್ನು ನೋಡಿದರೆ ಇವರನ್ನು ಬರೀ ಪಾದ್ರಿಗಳು ಅಂತ ಹೇಳಿ ಮುಗಿಸಲು ಮನಸ್ಸು ಬರುವುದಿಲ್ಲ. ಇಟಲಿಯ ಅಂಜೆಲೊ ಮಾಫೆಯಿ ಕೊಂಕಣಿ ಕಲಿತು ಅದರ ವ್ಯಾಕರಣ, ನಿಘಂಟು ಮಾಡಿದರು. ಜರ್ಮನಿಯ ಆಗಸ್ಟಸ್ ಮುಲ್ಲರ್ ಮೇಷ್ಟ್ರಾಗಿ ಬಂದವರು. ಪಾಠದ ಜೊತೆಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. ಕಂಕನಾಡಿಯಲ್ಲಿ ಮರದಡಿ ಕೂತು ರೋಗಿಗಳನ್ನು ನೋಡುತ್ತಿದ್ದರಂತೆ. ಈಗಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಆ ಔಷಧದ ಪೊಟ್ಟಣದಿಂದ.

ಆದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸಮ ಅಂತ ಹೇಳಿದರೆ ಸುಳ್ಳಾಗುತ್ತದೆ. ಮದ್ರಾಸ್ ಪ್ರಾಂತ್ಯದಲ್ಲಿ ಕನ್ನಡ, ಸಂಸ್ಕೃತ ಕಲಿಸುವವರು 'ಪಂಡಿತ'ರು. ಇಂಗ್ಲಿಷಿನಲ್ಲಿ ಪಾಠ ಮಾಡುವವರಿಗಿಂತ ಅವರಿಗೆ ಸಂಬಳ ಕಡಿಮೆ, ಸ್ಥಾನವೂ ಒಂದು ಮೆಟ್ಟಿಲು ಕೆಳಗೆ. ಇದು ಕ್ರೈಸ್ತ ಕಾಲೇಜಿನದ್ದು ಮಾತ್ರವಲ್ಲ, ಸರ್ಕಾರಿ ಕಾಲೇಜುಗಳಲ್ಲೂ ಹಾಗೇ ಇತ್ತು. ತಿಮ್ಮಪ್ಪಯ್ಯನವರಂಥ ವಿದ್ವಾಂಸರು ಆ ಮೆಟ್ಟಿಲ ಮೇಲೆ ನಿಂತೇ ಅಷ್ಟು ದೊಡ್ಡ ಕೆಲಸ ಮಾಡಿದರು ಎನ್ನುವುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1950ರಲ್ಲಿ ಸಂವಿಧಾನ ಬಂತು. ಅದರ 30ನೇ ವಿಧಿ ಧರ್ಮ ಅಥವಾ ಭಾಷೆಯ ಅಲ್ಪಸಂಖ್ಯಾತರಿಗೆ ತಮಗೆ ಬೇಕಾದ ವಿದ್ಯಾಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿತು. 'ನಡೆಸುವುದು' ಅಂದರೆ ಏನು? ಮೇಷ್ಟ್ರನ್ನು ಆರಿಸುವುದು ಅದರಲ್ಲಿ ಸೇರಿದೆಯಾ? ಜಗಳ ಹುಟ್ಟಿದ್ದು ಈ ಒಂದು ಪದದಿಂದ.

ಮೊದಲು ಹೊತ್ತಿಕೊಂಡದ್ದು ಕೇರಳದಲ್ಲಿ. 1957ರಲ್ಲಿ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ಮಸೂದೆ ತಂದರು. ಅನುದಾನಿತ ಶಾಲೆಗಳು ಪಬ್ಲಿಕ್ ಸರ್ವಿಸ್ ಕಮಿಷನ್ ಕೊಡುವ ಪಟ್ಟಿಯಿಂದಲೇ ಮೇಷ್ಟ್ರನ್ನು ತೆಗೆದುಕೊಳ್ಳಬೇಕು ಎಂಬುದು ಅದರ ಒಂದು ಅಂಶ. ಮುಂಡಶ್ಶೇರಿ ತಾವೇ ಕ್ರೈಸ್ತರು, ತ್ರಿಶೂರಿನ ಕಥೋಲಿಕ್ ಕಾಲೇಜೊಂದರಲ್ಲಿ ಮಲಯಾಳಂ ಪಾಠ ಮಾಡಿದವರು. ಆಡಳಿತ ಮಂಡಳಿಯ ಕೈಕೆಳಗೆ ಮೇಷ್ಟ್ರ ಬದುಕು ಹೇಗಿರುತ್ತದೆ ಅಂತ ಒಳಗಿನಿಂದ ಬಲ್ಲವರು. ಚರ್ಚು ಬೀದಿಗಿಳಿಯಿತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು. 1958ರಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಹೇಳಿದ ಮಾತು ಇವತ್ತಿಗೂ ಕೋರ್ಟುಗಳಲ್ಲಿ ಓಡಾಡುತ್ತದೆ: ನಡೆಸುವ ಹಕ್ಕಿನಲ್ಲಿ ಕೆಟ್ಟದಾಗಿ ನಡೆಸುವ ಹಕ್ಕು ಸೇರಿಲ್ಲ.

1974ರಲ್ಲಿ ಅಹಮದಾಬಾದಿನ ಜೆಸ್ವಿಟ್ ಕಾಲೇಜಾದ ಸಂತ ಕ್ಸೇವಿಯರ್ಸ್ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ನಿಂತಿತು. ಆಡಳಿತ ಮಂಡಳಿಯಲ್ಲೂ ನೇಮಕಾತಿ ಸಮಿತಿಯಲ್ಲೂ ವಿಶ್ವವಿದ್ಯಾಲಯದ ಕಡೆಯವರು ಇರಲೇಬೇಕು ಎಂಬ ಗುಜರಾತಿನ ನಿಯಮ ಅಲ್ಪಸಂಖ್ಯಾತ ಕಾಲೇಜುಗಳಿಗೆ ಅನ್ವಯಿಸದು ಎಂದು ತೀರ್ಪಾಯಿತು.

ಇದರ ಮುಂದಿನ ದೊಡ್ಡ ತೀರ್ಪು ನಮ್ಮ ಕರಾವಳಿಯ ಹೆಸರಿನದ್ದೇ. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಕೇಸು. ಮಣಿಪಾಲದ ಕೇಸು, ಹನ್ನೊಂದು ನ್ಯಾಯಮೂರ್ತಿಗಳು. ಕೋರ್ಟ್ ಹೇಳಿದ್ದು ಸರಳವಾಗಿ ಇಷ್ಟು: ಅಲ್ಪಸಂಖ್ಯಾತರು ಯಾರು ಎಂಬುದನ್ನು ರಾಜ್ಯವಾರು ನೋಡಬೇಕು. ಮೇಷ್ಟ್ರಿಗೆ ಏನು ಅರ್ಹತೆ ಬೇಕು ಅಂತ ಸರ್ಕಾರ ಹೇಳಬಹುದು. ಅನುದಾನ ಪಡೆಯದ ಸಂಸ್ಥೆಯಲ್ಲಿ, ಆ ಅರ್ಹತೆ ಇರುವವರಲ್ಲಿ ಯಾರನ್ನು ತೆಗೆದುಕೊಳ್ಳಬೇಕು ಎನ್ನುವುದು ಸಂಸ್ಥೆಗೆ ಬಿಟ್ಟದ್ದು. ಅನುದಾನ ಪಡೆದರೆ ಸರ್ಕಾರದ ಕೈ ಇನ್ನಷ್ಟು ಒಳಗೆ ಬರುತ್ತದೆ.

2006ರಲ್ಲಿ ಕೇರಳದ ಮಲಂಕರ ಸಿರಿಯನ್ ಕಥೋಲಿಕ್ ಕಾಲೇಜಿನ ಕೇಸಿನಲ್ಲಿ ಪ್ರಿನ್ಸಿಪಾಲರ ಪ್ರಶ್ನೆ ಇತ್ಯರ್ಥವಾಯಿತು. ಸೀನಿಯಾರಿಟಿ ನೋಡಿ ಪ್ರಿನ್ಸಿಪಾಲ್ ಮಾಡಬೇಕು ಎಂಬ ನಿಯಮ ಅಲ್ಪಸಂಖ್ಯಾತ ಕಾಲೇಜನ್ನು ಕಟ್ಟಿಹಾಕದು, ಅನುದಾನ ಪಡೆದರೂ ಸರಿ. ಇದು ಹೊಸ ವಿಚಾರವೇನಲ್ಲ. ಅಲೋಶಿಯಸ್ ಗುಡ್ಡದ ಮೇಲೆ ಮೊದಲಿನಿಂದ ನಡೆದದ್ದೂ ಇದೇ. ಚುಕ್ಕಾಣಿ ಜೆಸ್ವಿಟ್ ಸಭೆಯ ಕೈಯಲ್ಲಿ, ದೋಣಿಗೆ ಹುಟ್ಟು ಹಾಕುವವರು ಎಲ್ಲ ಕಡೆಯವರು. ಕಾಲೇಜಿನ ಕ್ರೈಸ್ತತನ ಉಳಿಯಲು ಚುಕ್ಕಾಣಿ ಸಾಕು, ದೋಣಿಯಲ್ಲಿರುವವರೆಲ್ಲ ಒಂದೇ ಚರ್ಚಿನವರಾಗಬೇಕಿಲ್ಲ. ಹಾಗಂತ ನಾನು ನಂಬುತ್ತೇನೆ.

ನನಗೆ ಧರ್ಮಕ್ಕಿಂತ ಜಾಸ್ತಿ ಕಾಡುವುದು ಬೇರೆ ಗೆರೆ. ಕರ್ನಾಟಕದ ಯಾವುದೇ ಹಳೇ ಖಾಸಗಿ ಕಾಲೇಜಿಗೆ ಹೋಗಿ, ಎರಡು ಪದ ಕಿವಿಗೆ ಬೀಳುತ್ತವೆ: 'ಏಡೆಡ್', 'ಮ್ಯಾನೇಜ್‌ಮೆಂಟ್'. ಏಡೆಡ್ ಮೇಷ್ಟ್ರಿಗೆ ಸರ್ಕಾರದ ಸಂಬಳ. ಪಕ್ಕದ ಕುರ್ಚಿಯ ಮ್ಯಾನೇಜ್‌ಮೆಂಟ್ ಮೇಷ್ಟ್ರಿಗೆ ಸಂಸ್ಥೆ ಕೊಟ್ಟಷ್ಟು. ಪಾಠ ಅದೇ, ಪೇಪರ್ ತಿದ್ದುವುದು ಅಷ್ಟೇ. ಏಡೆಡ್‌ನವರು ನಿವೃತ್ತರಾದಾಗ ಆ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದಿರುತ್ತದೆ. 1986ರಲ್ಲೇ, ದೆಹಲಿಯ ಫ್ರಾಂಕ್ ಆಂಥೋನಿ ಶಾಲೆಯ ಸಿಬ್ಬಂದಿಯ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟ ಮಾಡಿತ್ತು. ಸಿಬ್ಬಂದಿಗೆ ಸರಿಯಾದ ಸಂಬಳ ಕೊಡಿ ಅಂತ ಹೇಳುವುದರಿಂದ ಅಲ್ಪಸಂಖ್ಯಾತರ ಹಕ್ಕಿಗೆ ಧಕ್ಕೆಯಿಲ್ಲ. ಆ ತೀರ್ಪನ್ನು ನೇಮಕಾತಿಯ ಹಕ್ಕಿನಷ್ಟೇ ಜೋರಾಗಿ ನೆನಪಿಸುವವರು ಬೇಕು. ಆಫೀಸಿನ ಗುಮಾಸ್ತರು, ಲ್ಯಾಬ್ ಅಟೆಂಡರುಗಳು, ಗುಡಿಸುವವರ ಮಾತಂತೂ ಇಂಥ ಚರ್ಚೆಗಳಲ್ಲಿ ಬರುವುದೇ ಇಲ್ಲ.

ಈಗ ಹೆಸರುಗಳು ಬದಲಾಗಿವೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ, ಅಂದರೆ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆ, ಆಯಿತು. ಅದೇ ಊರಿನ, 1882ರ ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲೋಶಿಯಸ್ 2024ರಲ್ಲಿ ಡೀಮ್ಡ್ ಆಯಿತು. ಬೋರ್ಡು ಯಾವುದಾದರೂ ಮೇಷ್ಟ್ರ ಅರ್ಹತೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮವೇ ಅಳತೆಗೋಲು. ಕಾಲೇಜು ಮೇಷ್ಟ್ರಾಗಲು ಬರೆಯುವ ಎನ್‌ಇಟಿ ಪರೀಕ್ಷೆ ಪಾಸಾದ, ಪಿಎಚ್‌ಡಿ ಮಾಡಿದ ಹುಡುಗ ಹುಡುಗಿಯರು ಎಲ್ಲ ಮನೆಗಳಿಂದಲೂ ಅರ್ಜಿ ಹಾಕುತ್ತಾರೆ.

ಪಾದ್ರಿ, ಸಿಸ್ಟರ್‌ಗಳ ಕಡೆಯೂ ಒಂದು ಬದಲಾವಣೆ ಆಗಿದೆ. ಬಡತನದ ವ್ರತ ತೊಟ್ಟವರಿಗೆ ಸ್ವಂತ ಆಸ್ತಿ ಇಲ್ಲ, ಸಂಬಳವೆಲ್ಲ ಅವರ ಸನ್ಯಾಸಿ ಸಭೆಗೆ ಹೋಗುತ್ತದೆ. ಹಾಗಾಗಿ ಅನುದಾನಿತ ಸಂಸ್ಥೆಗಳಲ್ಲಿ ಪಾಠ ಮಾಡುವ ಅವರ ಸಂಬಳದಿಂದ ಹಲವು ದಶಕ ಆದಾಯ ತೆರಿಗೆ ಹಿಡಿಯುತ್ತಿರಲಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಂಬಳ ಯಾರ ಹೆಸರಿನಲ್ಲಿ ಬರುತ್ತದೋ ತೆರಿಗೆ ಅವರದ್ದೇ, ಆಮೇಲೆ ಯಾರಿಗೆ ಕೊಡುತ್ತಾರೆ ಎನ್ನುವುದು ಬೇರೆ ವಿಷಯ ಎಂದಿತು. ಈಗ ತಿಂಗಳ ಕೊನೆಗೆ ಕಾಲೇಜಿನ ಅಕೌಂಟ್ಸ್ ಸೆಕ್ಷನ್ನಿನಿಂದ ಬರುವ ಪೇ ಸ್ಲಿಪ್‌ನಲ್ಲಿ ಇಂಗ್ಲಿಷ್ ಕಲಿಸುವ ಸಿಸ್ಟರ್‌ಗೂ ಕನ್ನಡ ಕಲಿಸುವ ಭಟ್ಟರಿಗೂ ಒಂದೇ ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಕಾಲಂ.